ವಂಚನೆ ತಡೆಯುವ ಎಐ: ಪತ್ತಿನ ಸಂಘಕ್ಕೆ ಯಾವ ದಾರಿ, ಕಾನೂನಿನ ಹೊಣೆ ಯಾರ ಮೇಲೆ?

ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಸೇರಿದ ಕೆಲವು ಕಾರ್ಯದರ್ಶಿಗಳು, ನಿರ್ದೇಶಕರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದಾರೆ. ಸೈಬರ್ ವಂಚನೆಯನ್ನು ಮೊದಲೇ ಹಿಡಿದುಕೊಡುತ್ತದೆ ಎನ್ನುವ ಎಐ ತಂತ್ರಾಂಶದ ಕೊಟೇಷನ್ ಆಡಳಿತ ಮಂಡಳಿಯ ಮುಂದಿದೆ. ಅದನ್ನು ಕೊಳ್ಳಬೇಕೆ, ತಿಂಗಳ ಬಾಡಿಗೆಗೆ ಪಡೆಯಬೇಕೆ, ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕೋ ಒಕ್ಕೂಟವೋ ಏನಾದರೂ ವ್ಯವಸ್ಥೆ ಮಾಡುವವರೆಗೆ ಕಾಯಬೇಕೆ, ಇಲ್ಲವೇ ಇದ್ಯಾವುದರ ಗೊಡವೆಯೂ ಬೇಡವೆಂದು ಸುಮ್ಮನಿರಬೇಕೆ? ಇದರ ಬೆನ್ನಿಗೇ ಇನ್ನೊಂದು ಆತಂಕವೂ ಇದೆ. ಯಂತ್ರವು ಸದಸ್ಯರ ಹಣವನ್ನು ತಪ್ಪಾಗಿ ತಡೆದರೆ, ಅಥವಾ ವಂಚಕನನ್ನು ಗುರುತಿಸದೆ ಬಿಟ್ಟರೆ, ಕಾನೂನು ಯಾರನ್ನು ಹಿಡಿದು ಕೇಳುತ್ತದೆ?

ಈ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲನೆಯದು ಅರ್ಧಕ್ಕರ್ಧ ಬಗೆಹರಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಮಾರಾಟಕ್ಕೆ ಬರುವವರು ಯಂತ್ರದ ಚುರುಕುತನದಿಂದ ಮಾತು ಆರಂಭಿಸುತ್ತಾರೆ. ಸಂಘದವರು ಹೊಣೆಯಿಂದ ಆರಂಭಿಸಬೇಕು, ಏಕೆಂದರೆ ತಂತ್ರಾಂಶ ಯಾರದ್ದೇ ಆಗಿರಲಿ, ಅದರ ತೀರ್ಮಾನಕ್ಕೆ ಸದಸ್ಯನ ಮುಂದೆಯೂ ಕಾನೂನಿನ ಮುಂದೆಯೂ ನಿಂತು ಉತ್ತರ ಹೇಳುವವರು ಸಂಘದವರೇ.

ಕಾನೂನು ಈಗ ಎಲ್ಲಿದೆ

ಭಾರತದಲ್ಲಿ ಎಐಗೆಂದೇ ಪ್ರತ್ಯೇಕವಾದ ಕಾಯ್ದೆ ಇಲ್ಲ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು 2025ರ ನವೆಂಬರ್ 5ರಂದು ಹೊರತಂದ ಎಐ ಆಡಳಿತ ಮಾರ್ಗಸೂಚಿಗಳು, ಸದ್ಯಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಇರುವ ಕಾನೂನುಗಳನ್ನೇ ಅನ್ವಯಿಸಬಹುದು ಎಂಬ ನಿಲುವನ್ನು ತಳೆದಿವೆ. ಆದ್ದರಿಂದ ಸಂಘವೊಂದು ಎಐ ಬಳಸಿದಾಗ ಅದನ್ನು ಅಳೆಯುವುದು ಹಲವು ಹಳೆಯ ಹೊಸ ಕಾನೂನುಗಳ ಜಾಲದ ಮೂಲಕ. ವಂಚಕನ ಮಟ್ಟಿಗೆ ವಿಷಯ ಸರಳವಾಗಿದೆ. ಅಧ್ಯಕ್ಷರ ದನಿಯನ್ನು ಎಐನಿಂದ ನಕಲು ಮಾಡಿ ಗುಮಾಸ್ತರಿಗೆ ಕರೆ ಮಾಡಿದವನ ಮೇಲೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮೂ ಭಾರತೀಯ ನ್ಯಾಯ ಸಂಹಿತೆಯ 318 ಮತ್ತು 319ನೇ ಕಲಮುಗಳೂ ಅನ್ವಯವಾಗುತ್ತವೆ. ದನಿ ಯಂತ್ರದ್ದೋ ಮಿಮಿಕ್ರಿ ಕಲಾವಿದನದ್ದೋ ಎಂಬುದರಿಂದ ಅಪರಾಧದ ಸ್ವರೂಪ ಬದಲಾಗುವುದಿಲ್ಲ. ತಡೆಯುವ ಕಡೆಯವರ ಹೊಣೆಯ ವಿಚಾರದಲ್ಲಿ ಮಾತ್ರ ಕಾನೂನು ಇಷ್ಟು ಸಲೀಸಾಗಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೇ ಕಲಮನ್ನು ಪ್ರತಿಯೊಬ್ಬ ಕಾರ್ಯದರ್ಶಿಯೂ ಒಮ್ಮೆ ಓದಬೇಕು; ಆ ಕಾಯ್ದೆಯ ಮುಖ್ಯ ಕರ್ತವ್ಯಗಳು ಜಾರಿಗೆ ಬರಬೇಕಾಗಿರುವುದು 2027ರ ಮೇ ತಿಂಗಳಲ್ಲಿ, ಆದರೂ ಈಗಲೇ ತಿಳಿದಿರಬೇಕು. ಅಪರಾಧವನ್ನು ತಡೆಯುವ ಅಥವಾ ಪತ್ತೆಹಚ್ಚುವ ಸಲುವಾಗಿ ವೈಯಕ್ತಿಕ ಮಾಹಿತಿಯನ್ನು ಬಳಸುವುದಾದರೆ, ಒಪ್ಪಿಗೆ ಪಡೆಯುವುದೂ ಸೇರಿದಂತೆ ಆ ಕಾಯ್ದೆಯ ಹೆಚ್ಚಿನ ಕಟ್ಟಳೆಗಳಿಂದ ಈ ಕಲಮು ವಿನಾಯಿತಿ ಕೊಡುತ್ತದೆ. ಆದರೆ ಎರಡು ಕರ್ತವ್ಯಗಳನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಸಂಘದ ಪರವಾಗಿ ಬೇರೆ ಕಂಪನಿ ಮಾಹಿತಿಯನ್ನು ಸಂಸ್ಕರಿಸಿದರೂ, ಕರಾರಿನಲ್ಲಿ ಏನೇ ಬರೆದಿದ್ದರೂ, ಪಾಲನೆಯ ಹೊಣೆ ಸಂಘದ್ದೇ ಎಂಬುದು ಒಂದು. ಮಾಹಿತಿ ಸೋರದಂತೆ ತಕ್ಕ ಭದ್ರತೆ ಇಟ್ಟಿರಬೇಕೆಂಬುದು ಇನ್ನೊಂದು. ಭದ್ರತೆಯಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಅಷ್ಟು ದೊಡ್ಡ ಮೊತ್ತವನ್ನು ಹೋಬಳಿ ಮಟ್ಟದ ಸಂಘಕ್ಕೆ ಯಾರೂ ಹಾಕಲಾರರು, ನಿಜ. ಆದರೂ ಹೊಣೆ ಯಾರದೆಂಬುದರಲ್ಲಿ ಕಾಯ್ದೆಗೆ ಸಂಶಯವಿಲ್ಲ.

ಇದೇ ವಿನಾಯಿತಿಗೆ ಇನ್ನೊಂದು ಮುಖವಿದೆ, ಅದರ ಬಗ್ಗೆ ಚರ್ಚೆ ಕಡಿಮೆ. ಒಬ್ಬ ವ್ಯಕ್ತಿಯ ಮೇಲೆ ಪರಿಣಾಮ ಬೀರುವ ತೀರ್ಮಾನಕ್ಕೆ ಅವನ ಮಾಹಿತಿಯನ್ನು ಬಳಸುವಾಗ ಅದು ಸರಿಯಾಗಿಯೂ ಪೂರ್ಣವಾಗಿಯೂ ಇರುವಂತೆ ನೋಡಿಕೊಳ್ಳಬೇಕೆಂದು 8ನೇ ಕಲಮು ಹೇಳುತ್ತದೆ. ತಪ್ಪು ಮಾಹಿತಿಯನ್ನು ತಿದ್ದಿಸುವ ಹಕ್ಕನ್ನು ಕಾಯ್ದೆಯ ಮೂರನೇ ಅಧ್ಯಾಯ ಕೊಡುತ್ತದೆ. ಅಪರಾಧ ತಡೆಯ ಉದ್ದೇಶ ಬಂದೊಡನೆ ಇವೆರಡೂ ಬದಿಗೆ ಸರಿಯುತ್ತವೆ. ಹಾಗಾಗಿ ವಂಚನೆಯ ಶಂಕೆಯಿಂದ ಯಂತ್ರವು ಒಬ್ಬ ಸದಸ್ಯನ ಖಾತೆಯನ್ನು ತಪ್ಪಾಗಿ ತಡೆದರೆ ಈ ಕಾಯ್ದೆಯಡಿ ಅವನಿಗೆ ಸಿಗುವ ಆಸರೆ ತೀರಾ ಕಡಿಮೆ. ಕಟ್ಟುನಿಟ್ಟಿಗೆ ಹೆಸರಾದ ಐರೋಪ್ಯ ಒಕ್ಕೂಟದ ಎಐ ಕಾಯ್ದೆ 2024ರ ಆಗಸ್ಟ್ 1ರಂದು ಜಾರಿಗೆ ಬಂತು. ಅದು ಕೂಡ ಸಾಲಯೋಗ್ಯತೆ ಅಳೆಯುವ ಎಐಯನ್ನು ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿ, ಹಣಕಾಸು ವಂಚನೆ ಪತ್ತೆಹಚ್ಚುವ ಎಐಯನ್ನು ಅದೇ ಸಾಲಿನಲ್ಲಿ ಹೊರಗಿಟ್ಟಿದೆ. ವಂಚನೆ ತಡೆಯಬೇಕೆಂಬ ಅವಸರದಲ್ಲಿ ಎರಡೂ ಕಡೆಯ ಶಾಸನಕಾರರು ಈ ಬಾಗಿಲನ್ನು ಸಡಿಲವಾಗಿಯೇ ಇಟ್ಟಿದ್ದಾರೆ ಎನ್ನಬಹುದು.

ನಮ್ಮಲ್ಲಿ ಒತ್ತಡವೂ ಅದೇ ದಿಕ್ಕಿನಲ್ಲಿದೆ. ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆ ಮಾಡಿ ಬೆದರಿಸಿ ಹಣ ಕೀಳುವ ಡಿಜಿಟಲ್ ಅರೆಸ್ಟ್ ವಂಚನೆಗಳ ಕುರಿತು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಡಿಸೆಂಬರ್ 1ರಂದು, ವಂಚನೆಯ ಹಣ ಹರಿಯುವ ಖಾತೆಗಳನ್ನು ಗುರುತಿಸಿ ತಡೆಯಲು ಎಐ ಬಳಕೆಯ ಬಗ್ಗೆ ರಿಸರ್ವ್ ಬ್ಯಾಂಕನ್ನು ಪ್ರಶ್ನಿಸಿತು. ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೋವೇಷನ್ ಹಬ್ ರೂಪಿಸಿದ ಮ್ಯೂಲ್‌ಹಂಟರ್ ಎಂಬ ಎಐ ವ್ಯವಸ್ಥೆ ಇದೇ ಕೆಲಸಕ್ಕಾಗಿಯೇ ಇದೆ. ಪತ್ತಿನ ಸಂಘಗಳು ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿಲ್ಲ. ಅವು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಅಥವಾ 1997ರ ಸೌಹಾರ್ದ ಸಹಕಾರಿ ಕಾಯ್ದೆಯಡಿ ನಡೆಯುತ್ತವೆ. ಆದರೆ ಅವುಗಳ ಹಣ ಬ್ಯಾಂಕುಗಳ ಮೂಲಕವೇ ಓಡಾಡುವುದರಿಂದ ಬ್ಯಾಂಕಿನ ಯಂತ್ರಗಳ ಕಣ್ಣು ಅವುಗಳ ಮೇಲೂ ಇದ್ದೇ ಇರುತ್ತದೆ.

ಯಾವ ಅಳತೆಗೋಲುಗಳಿಂದ ಅಳೆಯಬೇಕು

ಇಷ್ಟನ್ನು ಮನಸ್ಸಿನಲ್ಲಿಟ್ಟು ನೋಡಿದರೆ, ಯಾವುದೇ ಆಯ್ಕೆಯನ್ನು ಮೊದಲು ಹೊಣೆಯ ದೃಷ್ಟಿಯಿಂದ ಅಳೆಯಬೇಕು: ತೀರ್ಮಾನ ಏಕೆ ಹಾಗಾಯಿತೆಂದು ಸಂಘವು ಸದಸ್ಯನಿಗೂ ಸಹಕಾರ ಇಲಾಖೆಗೂ ನ್ಯಾಯಾಲಯಕ್ಕೂ ವಿವರಿಸಬಲ್ಲುದೆ? ಎರಡನೆಯದು, ತಪ್ಪಾಗಿ ತಡೆದ ಹಣವನ್ನು ಎಷ್ಟು ಬೇಗ, ಯಾರ ಸಹಿಯಿಂದ ಬಿಡಿಸಬಹುದು ಎಂಬುದು. ಕಾನೂನು ಸದಸ್ಯನಿಗೆ ಕಡಿಮೆ ಆಸರೆ ಕೊಟ್ಟಿರುವ ಕಡೆ ಸಂಘದ ಸ್ವಂತ ನಿಯಮವೇ ಅವನಿಗೆ ಆಸರೆಯಾಗಬೇಕು. ಇಲ್ಲದಿದ್ದರೆ ಅವನು ಗ್ರಾಹಕರ ಆಯೋಗದ ಬಾಗಿಲು ತಟ್ಟುತ್ತಾನೆ. ಸಹಕಾರ ಸಂಘದ ಸದಸ್ಯನೂ ಸೇವಾ ನ್ಯೂನತೆಗಾಗಿ ಅಲ್ಲಿಗೆ ಹೋಗಬಹುದೆಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ.

ಮೂರನೆಯದು ಪುರಾವೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯನ್ನು ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಗುರುತು) ನಮೂದಿಸಿದ ಪ್ರಮಾಣಪತ್ರದೊಂದಿಗೆ ಸಲ್ಲಿಸಬೇಕು. ಯಂತ್ರವು ಬರೀ ಕೆಂಪು ದೀಪ ತೋರಿಸಿ, ಯಾವ ವ್ಯವಹಾರವನ್ನು ಯಾವ ಕಾರಣಕ್ಕೆ ಯಾವಾಗ ಶಂಕಿಸಿತೆಂಬ ದಾಖಲೆಯನ್ನು ಇಡದಿದ್ದರೆ, ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯ ತನಿಖೆಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಸೈಬರ್ ದಾಳಿಗಳ ವಿಚಾರ ನೋಡಿಕೊಳ್ಳುವ ಕೇಂದ್ರದ ಸಿಇಆರ್‌ಟಿ-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನಗಳ ಪ್ರಕಾರ ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಲಾಗ್ ದಾಖಲೆಗಳನ್ನು (ಯಂತ್ರದಲ್ಲಿ ಏನು ಯಾವಾಗ ನಡೆಯಿತೆಂಬ ನಮೂದುಗಳನ್ನು) 180 ದಿನ ಕಾಪಿಡಬೇಕು. ನೋಂದಾಯಿತ ಸಹಕಾರ ಸಂಘ ಕಾನೂನಿನ ಕಣ್ಣಿನಲ್ಲಿ ನಿಗಮಿತ ಸಂಸ್ಥೆಯಾದ್ದರಿಂದ ಇದು ತನಗಲ್ಲವೆಂದು ಅದು ಕೂರುವಂತಿಲ್ಲ. ಎಐ ವ್ಯವಸ್ಥೆಗಳ ಮೇಲೆಯೇ ನಡೆಯುವ ದಾಳಿಗಳೂ ವರದಿ ಮಾಡಬೇಕಾದ ಘಟನೆಗಳ ಪಟ್ಟಿಯಲ್ಲಿವೆ.

ಉಳಿದವು ಸ್ಥಳೀಯವಾದ ಅಳತೆಗಳು. ನಮ್ಮ ಜಿಲ್ಲೆಗಳ ಹಣದ ಓಡಾಟದ ಲಯ ಯಂತ್ರಕ್ಕೆ ಗೊತ್ತಿದೆಯೇ, ನಮ್ಮ ಮಾತು ಅದಕ್ಕೆ ಅರ್ಥವಾಗುತ್ತದೆಯೇ, ಖರ್ಚು ಎಷ್ಟು ಎಂಬುದನ್ನು ಆಯಾ ಆಯ್ಕೆಯ ಜೊತೆಯಲ್ಲೇ ನೋಡುವುದು ಅನುಕೂಲ.

ಯಂತ್ರವಿಲ್ಲದ ದಾರಿ: ಠರಾವು ಮತ್ತು ಮಿತಿ

ಎಐ ಬಗೆಗಿನ ಹೋಲಿಕೆಯಲ್ಲಿ ಎಐ ಇಲ್ಲದ ಆಯ್ಕೆಯನ್ನು ಮೊದಲಿಗಿಡುವುದಕ್ಕೆ ಕಾರಣವಿದೆ. ಸಣ್ಣ ಸಂಘಗಳು ನಷ್ಟ ಅನುಭವಿಸುವ ಹಲವು ಬಗೆಯ ವಂಚನೆಗಳಿಗೆ ಆಡಳಿತ ಮಂಡಳಿಯ ಒಂದು ಪುಟದ ಠರಾವೇ ಸಾಕು. ಅಧ್ಯಕ್ಷರ ದನಿಯಲ್ಲೇ ಕರೆ ಬಂದರೂ, ವಿಡಿಯೊದಲ್ಲಿ ಮುಖವೇ ಕಂಡರೂ, ಪುಸ್ತಕದಲ್ಲಿ ಬರೆದಿಟ್ಟ ಸಂಖ್ಯೆಗೆ ಮರಳಿ ಕರೆ ಮಾಡಿ ಖಚಿತಪಡಿಸಿಕೊಳ್ಳದೆ ಹಣ ಕಳುಹಿಸಬಾರದು. ಮೊದಲ ಬಾರಿಗೆ ಹಣ ಪಡೆಯುವ ಖಾತೆಗೆ ನಿಗದಿತ ಮೊತ್ತಕ್ಕಿಂತ ಹೆಚ್ಚನ್ನು ಮರುದಿನ ಎರಡು ಸಹಿಗಳಾದ ಮೇಲೆಯೇ ಕಳುಹಿಸಬೇಕು. ಸದಸ್ಯರು ಖುದ್ದಾಗಿ ಬಾರದೆ ಅವರ ಮೊಬೈಲ್ ಸಂಖ್ಯೆಯನ್ನು ಬದಲಿಸಬಾರದು. ಪಿಗ್ಮಿ ಸಂಗ್ರಾಹಕರ ಯಂತ್ರದ ಲೆಕ್ಕವನ್ನು ದಿನದ ಕೊನೆಗೆ ತಾಳೆ ನೋಡಬೇಕು. ದನಿ ನಕಲನ್ನು ಗುರುತಿಸುವ ಎಐ ಉಪಕರಣಗಳು ಇವೆಯಾದರೂ, ಫೋನಿನ ಗದ್ದಲದಲ್ಲಿ ಕೇಳಿಬರುವ ಕನ್ನಡದ ದನಿಗೆ ಅವುಗಳನ್ನೇ ನೆಚ್ಚಿಕೊಳ್ಳುವ ಬದಲು ಮರಳಿ ಕರೆ ಮಾಡುವ ನಿಯಮವನ್ನೇ ನಾನು ಹೆಚ್ಚು ನಂಬುತ್ತೇನೆ.

ಡಿಜಿಟಲ್ ಅರೆಸ್ಟ್ ಎಂಬ ಬೆದರಿಕೆಗೆ ಸಿಕ್ಕವರು, ಅದರಲ್ಲೂ ನಿವೃತ್ತರು, ಅವಧಿಗೆ ಮುನ್ನವೇ ಠೇವಣಿ ಮುರಿಸಲು ಬರುತ್ತಾರೆ. ಆಗ ಅವರನ್ನು ಒಳಗೆ ಕೂರಿಸಿ, ನೀರು ಕೊಟ್ಟು, ಫೋನನ್ನು ಪಕ್ಕಕ್ಕಿಡಿಸಿ ಮಾತನಾಡುವ ವ್ಯವಸ್ಥಾಪಕನಿಗೆ ಸಮನಾದ ತಂತ್ರಾಂಶ ಇನ್ನೂ ಬಂದಿಲ್ಲ. ಹೊಣೆಯ ಅಳತೆಯಲ್ಲಿ ಈ ದಾರಿಗೇ ಮೊದಲ ಸ್ಥಾನ, ಏಕೆಂದರೆ ತಡೆದದ್ದು ಏಕೆಂದು ಠರಾವಿನ ಸಂಖ್ಯೆಯೇ ಹೇಳುತ್ತದೆ. ಖರ್ಚಿನ ಅಳತೆಯಲ್ಲೂ ಅಷ್ಟೆ. ಇದರ ದೌರ್ಬಲ್ಯ ರಾತ್ರಿ ಮತ್ತು ರಜಾದಿನ. ಮೊಬೈಲ್ ಆ್ಯಪ್ ಕೊಟ್ಟ ಸಂಘದಲ್ಲಿ ವ್ಯವಹಾರ ನಡೆಯುವ ಹೊತ್ತಿಗೆ ಕೌಂಟರಿನಲ್ಲಿ ಯಾರೂ ಇರುವುದಿಲ್ಲ. ದಿನಕ್ಕೆ ಸಾವಿರಾರು ನಮೂದುಗಳಿದ್ದರೆ ಮನುಷ್ಯನ ಕಣ್ಣು ಸೋಲುತ್ತದೆ.

ಆಗಲೇ ಇರುವ ಸಾರ್ವಜನಿಕ ವ್ಯವಸ್ಥೆಯ ಆಸರೆ

ಎರಡನೆಯ ದಾರಿ, ಸರ್ಕಾರ, ಬ್ಯಾಂಕು ಮತ್ತು ದೂರಸಂಪರ್ಕ ಕಂಪನಿಗಳು ಈಗಾಗಲೇ ನಡೆಸುತ್ತಿರುವ ವ್ಯವಸ್ಥೆಗಳನ್ನು ಪೂರ್ತಿಯಾಗಿ ಬಳಸಿಕೊಳ್ಳುವುದು. ವಂಚನೆಗೆ ಬಳಕೆಯಾಗುವ ಮೊಬೈಲ್ ಸಂಖ್ಯೆಗಳನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ವಿಂಗಡಿಸುವ ಸೂಚಕವನ್ನು ದೂರಸಂಪರ್ಕ ಇಲಾಖೆ 2025ರ ಮೇ ತಿಂಗಳಲ್ಲಿ ಆರಂಭಿಸಿತು; ಅದನ್ನು ತಮ್ಮ ವ್ಯವಸ್ಥೆಗೆ ಜೋಡಿಸಿಕೊಳ್ಳಿ ಎಂದು ರಿಸರ್ವ್ ಬ್ಯಾಂಕ್ ಅದೇ ವರ್ಷದ ಜೂನ್ 30ರಂದು ಸಹಕಾರಿ ಬ್ಯಾಂಕುಗಳೂ ಸೇರಿದಂತೆ ಬ್ಯಾಂಕುಗಳಿಗೆ ಸೂಚಿಸಿತು. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರವು ಶಂಕಿತರ ದಾಖಲೆಯನ್ನು 2024ರಿಂದ ಬ್ಯಾಂಕುಗಳ ಬಳಕೆಗೆ ತೆರೆದಿದೆ. ಸಂಚಾರ್ ಸಾಥಿ ತಾಣದ ಚಕ್ಷು ವಿಭಾಗದಲ್ಲಿ ಶಂಕಾಸ್ಪದ ಕರೆ, ಸಂದೇಶಗಳನ್ನು ವರದಿ ಮಾಡಬಹುದು. ಏರ್‌ಟೆಲ್ 2024ರಲ್ಲಿ ಆರಂಭಿಸಿದ ಎಐ ಆಧಾರಿತ ಸ್ಪ್ಯಾಮ್ ಎಚ್ಚರಿಕೆ ಮರುವರ್ಷ ಕನ್ನಡದಲ್ಲೂ ಬರತೊಡಗಿತು. ಹಣ ಹೋದ ಕೂಡಲೇ ಕರೆ ಮಾಡಬೇಕಾದ 1930 ಸಂಖ್ಯೆಯನ್ನು ಕೌಂಟರಿನ ಗಾಜಿಗೆ ಅಂಟಿಸುವುದಕ್ಕಂತೂ ಕಾಸು ಬೇಡ.

ಇಷ್ಟಿದ್ದೂ ಇಲ್ಲೊಂದು ತೊಡಕಿದೆ. ಈ ಸೌಲಭ್ಯಗಳಲ್ಲಿ ಮುಖ್ಯವಾದವು ಬ್ಯಾಂಕುಗಳಿಗೆ ನೇರವಾಗಿ ಸಿಗುತ್ತವೆ; ಬ್ಯಾಂಕಲ್ಲದ ಪತ್ತಿನ ಸಂಘಕ್ಕೆ ತನ್ನ ಖಾತೆಯಿರುವ ಬ್ಯಾಂಕಿನ ಮೂಲಕ ಮಾತ್ರ. ಹಾಗಾಗಿ ಸಂಘದ ಚಾಲ್ತಿ ಖಾತೆ ಎಲ್ಲಿದೆಯೋ ಆ ಬ್ಯಾಂಕಿಗೆ ಲಿಖಿತವಾಗಿ ಕೇಳಬೇಕು: ಹಣ ಹೋಗುವ ಮುನ್ನ ಅಪಾಯ ಸೂಚಕವನ್ನು ನೋಡುತ್ತೀರಾ, ಶಂಕೆ ಬಂದರೆ ನಮಗೆ ಯಾವ ರೀತಿಯಲ್ಲಿ ತಿಳಿಸುತ್ತೀರಿ, ರಜಾದಿನದಲ್ಲಿ ಯಾರನ್ನು ಸಂಪರ್ಕಿಸಬೇಕು? ಇದರಲ್ಲಿ ಸೋಮಾರಿತನ ತೋರಿದ ಸಂಘಕ್ಕೆ ಬರುವ ಕಷ್ಟವೇ ಬೇರೆ ತರಹದ್ದು. ಸದಸ್ಯರೆಲ್ಲರ ಹಣವೂ ಸಂಘದ ಒಂದೇ ಖಾತೆಯ ಮೂಲಕ ಹಾದುಹೋಗುವ ಕಡೆ, ಯಾರೋ ಒಬ್ಬ ಸದಸ್ಯನಿಗೆ ವಂಚನೆಯ ಹಣ ಬಂದಿದೆ ಎಂಬ ದೂರು ಬೇರೆ ರಾಜ್ಯದ ಠಾಣೆಯಲ್ಲಿ ದಾಖಲಾದರೆ ತಡೆ ಬೀಳುವುದು ಸಂಘದ ಖಾತೆಗೇ ಆಗಬಹುದು. ಅಂದು ಹಾಲಿನ ಬಟವಾಡೆಯ ದಿನವಾಗಿದ್ದರೆ ಊರಿಗೆ ಊರೇ ಬಾಗಿಲಿಗೆ ಬರುತ್ತದೆ. ಯಾವ ಹಣ ಯಾವ ಸದಸ್ಯನದೆಂದು ಆ ಗಳಿಗೆಯಲ್ಲೇ ತೋರಿಸಬಲ್ಲ ಲೆಕ್ಕ ಇದ್ದರೆ, ವಿವಾದದ ಮೊತ್ತಕ್ಕಷ್ಟೇ ತಡೆಯನ್ನು ಸೀಮಿತಗೊಳಿಸುವಂತೆ ಕೇಳಲು ಆಧಾರ ಸಿಗುತ್ತದೆ.

ತಿಂಗಳ ಬಾಡಿಗೆಯ ಕ್ಲೌಡ್ ಎಐ

ಕೊಟೇಷನ್‌ಗಳಲ್ಲಿ ಹೆಚ್ಚಾಗಿ ಬರುವುದು ಇದೇ. ಪ್ರತಿಯೊಂದು ವ್ಯವಹಾರವೂ ಕಂಪನಿಯ ಸರ್ವರಿಗೆ ಹೋಗಿ, ಕ್ಷಣಾರ್ಧದಲ್ಲಿ ಅಪಾಯದ ಅಂಕ ಪಡೆದು ಮರಳುತ್ತದೆ. ಅಂಕ ಮಿತಿ ಮೀರಿದರೆ ವ್ಯವಹಾರ ನಿಲ್ಲುತ್ತದೆ. ರಾತ್ರಿಯ ವ್ಯವಹಾರವನ್ನೂ ನೋಡುತ್ತದೆ, ಬೇಸರವಿಲ್ಲ, ರಜೆಯಿಲ್ಲ. ಇಷ್ಟರ ಮಟ್ಟಿಗೆ ಮಾರಾಟಗಾರರ ಮಾತು ಸರಿಯಾಗಿಯೇ ಇದೆ.

ತೊಡಕು ಇರುವುದು ಲಯದಲ್ಲಿ. ವಂಚನೆಯ ಹಣವನ್ನು ದಾಟಿಸಲು ಬಾಡಿಗೆಗೆ ಕೊಟ್ಟ ಖಾತೆಯ ಲಕ್ಷಣಗಳೇನು? ತಿಂಗಳುಗಟ್ಟಲೆ ನಿದ್ರಿಸುತ್ತಿದ್ದ ಖಾತೆಗೆ ಇದ್ದಕ್ಕಿದ್ದಂತೆ ದೊಡ್ಡ ಮೊತ್ತ ಬರುತ್ತದೆ, ಅದೇ ದಿನ ಅಥವಾ ಮರುದಿನ ಹಲವರಿಗೆ ಹಂಚಿಹೋಗುತ್ತದೆ, ಮತ್ತೆ ಖಾತೆ ಖಾಲಿ. ಈಗ ಕೋಲಾರದ ಟೊಮೆಟೊ ಬೆಳೆಗಾರನ ಖಾತೆಯನ್ನು ನೋಡಿ. ಬೆಳೆ ಮಾರಿದ ವಾರದಲ್ಲಿ ಮಂಡಿಯಿಂದ ಹಣ ಬರುತ್ತದೆ. ಬಂದದ್ದೇ ತಡ, ಕೂಲಿಯವರಿಗೆ, ಗೊಬ್ಬರದಂಗಡಿಗೆ, ಲಾರಿಯವನಿಗೆ, ಕೈಗಡ ಕೊಟ್ಟ ನೆಂಟರಿಗೆ ಹಂಚಿಹೋಗುತ್ತದೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸಿನ ದರ 2,000 ರೂಪಾಯಿ ದಾಟಿದಾಗ ಎಷ್ಟೋ ರೈತರ ಖಾತೆಗಳಿಗೆ ಹಿಂದೆಂದೂ ಕಾಣದ ಮೊತ್ತ ಬಂತು. ನಗರದ ಸಂಬಳದಾರರ ವ್ಯವಹಾರಗಳನ್ನು ನೋಡಿ ಕಲಿತ ಯಂತ್ರಕ್ಕೆ ಇಂಥ ರೈತನೂ ವಂಚಕನ ಕೈಗೊಂಬೆಯೂ ಒಂದೇ ಥರ ಕಾಣುವ ಸಾಧ್ಯತೆ ಹೆಚ್ಚು. ಶಿಡ್ಲಘಟ್ಟದ ರೇಷ್ಮೆಗೂಡು ಬೆಳೆಗಾರರಿಗೂ ತಿಪಟೂರಿನ ಕೊಬ್ಬರಿ ಮಾರುವವರಿಗೂ ಈ ಮಾತು ಸಲ್ಲುತ್ತದೆ. ಗೂಡು ಮಾರಿದ ಹಣ ಚಾಕಿ (ಎಳೆಯ ರೇಷ್ಮೆಹುಳು) ಮತ್ತು ಸೊಪ್ಪಿನ ಬಾಕಿಗೆ ಹೊರಡಬೇಕಾದ ದಿನವೇ ತಡೆದು ನಿಂತರೆ ಮುಂದಿನ ಬೆಳೆಯೇ ತಪ್ಪಬಹುದು. ದತ್ತಾಂಶ ಕಾಯ್ದೆ ಅವನ ಕೈಹಿಡಿಯುವುದು ಕಡಿಮೆ ಎಂದು ಮೊದಲೇ ಹೇಳಿದೆ. ಸಂಘಕ್ಕೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ (ಗ್ರಾಹಕರ ದೂರು ವಿಚಾರಿಸುವ) ವ್ಯವಸ್ಥೆಯೂ ಅನ್ವಯಿಸದ ಕಾರಣ ಅವನಿಗೆ ಉಳಿಯುವುದು ಗ್ರಾಹಕರ ಆಯೋಗ ಮತ್ತು ಸಹಕಾರ ಕಾಯ್ದೆಯಡಿಯ ವಿವಾದದ ದಾರಿ. ಎರಡರಲ್ಲೂ ಎದುರು ಪಾರ್ಟಿ ಸಂಘವೇ.

ಆದ್ದರಿಂದ ಈ ದಾರಿ ಹಿಡಿಯುವವರಿಗೆ ನನ್ನ ಮೊದಲ ಷರತ್ತು, ಒಂದು ಪೂರ್ಣ ಬೆಳೆ ಹಂಗಾಮು ಮುಗಿಯುವವರೆಗೆ ಯಂತ್ರಕ್ಕೆ ಎಚ್ಚರಿಸುವ ಅಧಿಕಾರ ಮಾತ್ರ ಇರಲಿ, ತಡೆಯುವ ಅಧಿಕಾರ ಮನುಷ್ಯನ ಬಳಿಯೇ ಇರಲಿ ಎಂಬುದು. ಆ ಅವಧಿಯಲ್ಲಿ ಯಂತ್ರ ಶಂಕಿಸಿದವುಗಳಲ್ಲಿ ನಿಜವಾದ ವಂಚನೆ ಎಷ್ಟು, ಮಂಡಿಯ ಹಣ ಎಷ್ಟು ಎಂದು ಸಂಘವೇ ಲೆಕ್ಕ ಇಡಬೇಕು. ಅಂಕದ ಜೊತೆ ಕಾರಣವನ್ನು ಹೇಳದ ತಂತ್ರಾಂಶವನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ರಿಸರ್ವ್ ಬ್ಯಾಂಕ್ ನೇಮಿಸಿದ ಸಮಿತಿಯು 2025ರ ಆಗಸ್ಟ್‌ನಲ್ಲಿ ಕೊಟ್ಟ ಎಐ ವರದಿಯಲ್ಲಿ ಏಳು ಸೂತ್ರಗಳೂ 26 ಶಿಫಾರಸುಗಳೂ ಇವೆ. ಎಐ ತನ್ನ ತೀರ್ಮಾನವನ್ನು ಅರ್ಥವಾಗುವಂತೆ ಹೇಳಬೇಕು, ಆಡಳಿತ ಮಂಡಳಿಯೇ ಒಪ್ಪಿದ ಎಐ ನೀತಿ ಇರಬೇಕು ಎಂಬವು ಅವುಗಳಲ್ಲಿ ಸೇರಿವೆ. ಪತ್ತಿನ ಸಂಘಗಳಿಗೆ ಅದು ಕಡ್ಡಾಯವಲ್ಲ. ಆದರೆ ನೀತಿಯೊಂದನ್ನು ಬರೆಯಲು ಕೂತವರಿಗೆ ಅದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

ಭಾಷೆಯ ವಿಚಾರವನ್ನೂ ಇಲ್ಲೇ ಹೇಳಬೇಕು. ಕರೆ ಮತ್ತು ಸಂದೇಶಗಳನ್ನು ಓದಿ ವಂಚನೆಯನ್ನು ಗುರುತಿಸುವ ಉಪಕರಣಗಳು ಪುಸ್ತಕದ ಕನ್ನಡವನ್ನು ಒಂದು ಮಟ್ಟಿಗೆ ನಿಭಾಯಿಸಬಹುದು. ಬಾಗೇಪಲ್ಲಿ, ಮುಳಬಾಗಿಲು, ಪಾವಗಡದ ಕಡೆ ಒಂದೇ ವಾಕ್ಯದಲ್ಲಿ ಕನ್ನಡವೂ ತೆಲುಗೂ ಬೆರೆಯುತ್ತವೆ; ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದ ವಾಟ್ಸ್‌ಆ್ಯಪ್ ಸಂದೇಶವನ್ನು ಪ್ರದರ್ಶನದ ದಿನವೇ ಯಂತ್ರಕ್ಕೆ ಕೊಟ್ಟು ನೋಡಬೇಕು. ಕಂಪನಿಯವರು ತಂದ ಉದಾಹರಣೆಗಳಲ್ಲಿ ಪರೀಕ್ಷಿಸಿ ಸಮಾಧಾನಪಡುವುದು ವ್ಯರ್ಥ.

ಖರ್ಚಿನ ರೀತಿಯನ್ನೂ ಗಮನಿಸಿ. ಕೆಲವರು ಖಾತೆಗಿಷ್ಟು ಎನ್ನುತ್ತಾರೆ, ಕೆಲವರು ವ್ಯವಹಾರಕ್ಕಿಷ್ಟು, ಇನ್ನು ಕೆಲವರು ತಿಂಗಳಿಗೆ ಕನಿಷ್ಠ ಇಷ್ಟು ಎಂದು ಕಟ್ಟಿಹಾಕುತ್ತಾರೆ. ಹಾಲಿನ ಹಣ, ಪಿಗ್ಮಿ, ಸ್ವಸಹಾಯ ಗುಂಪುಗಳ ಕಂತು ಮುಂತಾಗಿ ಸಣ್ಣ ಮೊತ್ತದ ಅಸಂಖ್ಯ ನಮೂದುಗಳಿರುವ ಸಂಘಕ್ಕೆ ವ್ಯವಹಾರಕ್ಕಿಷ್ಟು ಎಂಬ ದರ ಮೈಮೇಲೆ ಬರುತ್ತದೆ. ಸದಸ್ಯರು ಕಡಿಮೆಯಿದ್ದು ಮೊತ್ತ ದೊಡ್ಡದಿರುವ ವರ್ತಕರ ಸಹಕಾರಿಗೆ ಅದೇ ದರ ಲಾಭಕರ.

ಸ್ವಂತ ಕಂಪ್ಯೂಟರಿನಲ್ಲಿ ಮುಕ್ತ ತಂತ್ರಾಂಶ

ಮಾಹಿತಿ ಹೊರಗೆ ಹೋಗುವುದೇ ಬೇಡ, ಮುಕ್ತವಾಗಿ ಸಿಗುವ ಎಐ ಮಾದರಿಯನ್ನು ನಮ್ಮದೇ ಯಂತ್ರದಲ್ಲಿ ನಡೆಸೋಣ ಎನ್ನುವ ಉತ್ಸಾಹಿ ಯುವ ನಿರ್ದೇಶಕರಿದ್ದಾರೆ. ದತ್ತಾಂಶದ ಸ್ಥಳ ಎಂಬ ಒಂದು ಅಳತೆಯಲ್ಲಿ ಇದು ಗೆಲ್ಲುತ್ತದೆ, ಉಳಿದವುಗಳಲ್ಲಿ ಸೋಲುತ್ತದೆ. ಮಾದರಿಯನ್ನು ತಿದ್ದಿ ಕಲಿಸಲು ವಂಚನೆಯ ಸಾಕಷ್ಟು ಹಳೆಯ ಉದಾಹರಣೆಗಳು ಒಂದು ಸಂಘದಲ್ಲಿ ಇರುವುದಿಲ್ಲ. ಅದನ್ನು ಕಟ್ಟಿದ ಹುಡುಗ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಟರೆ ನಿರ್ವಹಿಸುವವರಿಲ್ಲ. ಭದ್ರತೆಯ ಹೊಣೆಯಲ್ಲಿ ಪಾಲು ಹೊರಲು ಎದುರಿಗೆ ಕಂಪನಿಯೂ ಇರುವುದಿಲ್ಲ. ಇಂಜಿನಿಯರಿಂಗ್ ಕಾಲೇಜಿನ ನೌಕರರ ಸಹಕಾರ ಸಂಘದಂತಹ, ತಿಳಿದವರು ಕಾಯಂ ಇರುವ ಕಡೆಗೆ ಮಾತ್ರ ಈ ದಾರಿ.

ಕೂಡಿ ಕೊಳ್ಳುವ ದಾರಿ

ಐದನೆಯ ಆಯ್ಕೆ ಇನ್ನೂ ಪೂರ್ತಿ ಕೈಗೆಟಕದೆ ಇರಬಹುದು, ಆದರೂ ಮಧ್ಯಮ ಗಾತ್ರದ ಸಂಘಗಳಿಗೆ ನಾನು ಇದನ್ನೇ ಹೇಳುತ್ತೇನೆ. ಹಲವು ಸಂಘಗಳು ಸೇರಿ, ಒಕ್ಕೂಟದ ಅಥವಾ ಒಂದೇ ಬ್ಯಾಂಕಿಂಗ್ ತಂತ್ರಾಂಶ ಬಳಸುವವರ ಗುಂಪಿನ ಮೂಲಕ, ಒಂದೇ ಎಐ ಸೇವೆಯನ್ನೂ ಅದರ ಎಚ್ಚರಿಕೆಗಳನ್ನು ನೋಡುವ ಒಬ್ಬಿಬ್ಬರು ತರಬೇತಾದ ನೌಕರರನ್ನೂ ಹೊಂದುವುದು. ಕೋಲಾರ ಸೀಮೆಯ ಕೆರೆಗಳ ಅಚ್ಚುಕಟ್ಟಿನಲ್ಲಿ ಪ್ರತಿ ರೈತನೂ ತೂಬು ಕಾಯುತ್ತಿರಲಿಲ್ಲ. ಎಲ್ಲರ ಪರವಾಗಿ ಒಬ್ಬ ನೀರುಗಂಟಿ ಇರುತ್ತಿದ್ದ, ಯಾರ ಗದ್ದೆಗೆ ಯಾವಾಗ ನೀರು ಬೇಕೆಂಬುದು ಅವನಿಗೆ ಗೊತ್ತಿರುತ್ತಿತ್ತು. ಇಲ್ಲಿ ಬೇಕಾಗಿರುವುದೂ ಅಂಥ ಒಬ್ಬ ಮನುಷ್ಯನೇ. ಟೊಮೆಟೊ ಹಂಗಾಮು ಯಾವಾಗ, ಗೂಡಿನ ದರ ಏರಿದೆಯೇ ಇಳಿದಿದೆಯೇ ಎಂದು ತಿಳಿದವನು ಎಚ್ಚರಿಕೆಯನ್ನು ಓದಿದರೆ ತಪ್ಪು ತಡೆಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಇನ್ನೊಂದು ಅನುಕೂಲವೆಂದರೆ, ಒಂದು ಸಂಘದಲ್ಲಿ ಸಿಕ್ಕಿಬಿದ್ದ ಬಾಡಿಗೆ ಖಾತೆಯವನು ಪಕ್ಕದ ತಾಲ್ಲೂಕಿನ ಸಂಘದಲ್ಲಿ ಸದಸ್ಯತ್ವ ಪಡೆಯಲು ಹೋದಾಗ ಅದು ಗೊತ್ತಾಗುತ್ತದೆ. ಆದರೆ ಇಲ್ಲಿಯೇ ಕಾನೂನಿನ ಅಪಾಯವೂ ಇದೆ. ಉದ್ದೇಶವನ್ನೂ ವಿಧಾನವನ್ನೂ ಇತರರೊಡನೆ ಸೇರಿ ತೀರ್ಮಾನಿಸುವವರನ್ನೂ ದತ್ತಾಂಶ ಕಾಯ್ದೆ ಹೊಣೆಗಾರರೆಂದೇ ಎಣಿಸುವುದರಿಂದ, ಒಂದು ಸಂಘದ ನಿರ್ಲಕ್ಷ್ಯದಿಂದ ಮಾಹಿತಿ ಸೋರಿದರೆ ಉಳಿದವರೂ ಉತ್ತರಿಸಬೇಕಾಗಬಹುದು. ಶಂಕಿತರ ಪಟ್ಟಿಯನ್ನು ಹಂಚಿಕೊಳ್ಳುವಾಗ, ಬರೀ ಯಂತ್ರದ ಶಂಕೆಯಿಂದ ಒಬ್ಬರ ಹೆಸರನ್ನು ಸೇರಿಸಿದರೆ ಮಾನಹಾನಿಯ ದಾವೆಗೂ ದಾರಿಯಾಗುತ್ತದೆ. ಯಾವ ಪುರಾವೆಯ ಮೇಲೆ ಹೆಸರು ಸೇರುತ್ತದೆ, ಯಾರು ತೆಗೆಯಬಹುದು, ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳದೆ ಈ ಪಟ್ಟಿಯನ್ನು ಆರಂಭಿಸಬಾರದು. ಉಳಿದ ಅಡ್ಡಿ ಕಾನೂನಿನದ್ದಲ್ಲ. ಸಹಕಾರ ಕ್ಷೇತ್ರದ ಚುನಾವಣೆಗಳನ್ನು ಕಂಡವರಿಗೆ ಹತ್ತು ಸಂಘಗಳ ಅಧ್ಯಕ್ಷರನ್ನು ಒಂದೇ ಮೇಜಿಗೆ ಕೂರಿಸುವುದು ಎಷ್ಟು ಕಷ್ಟವೆಂದು ಹೇಳಬೇಕಿಲ್ಲ.

ಯಾರಿಗೆ ಯಾವುದು

ಮೊಬೈಲ್ ಆ್ಯಪ್ ಇಲ್ಲದ, ಒಂದೇ ಕಚೇರಿಯ ಸಂಘಕ್ಕೆ ಎಐ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಠರಾವು, ಬ್ಯಾಂಕಿನೊಡನೆ ಲಿಖಿತ ಒಡಂಬಡಿಕೆ, ಗುಮಾಸ್ತರಿಗೂ ಪಿಗ್ಮಿ ಸಂಗ್ರಾಹಕರಿಗೂ ವರ್ಷಕ್ಕೆರಡು ತರಬೇತಿ ಇಷ್ಟಿದ್ದರೆ ಸಾಕು. ಉಳಿದ ಹಣವನ್ನು ಲೆಕ್ಕಪತ್ರದ ತಂತ್ರಾಂಶ ಸರಿಪಡಿಸಲು ಬಳಸುವುದು ಮೇಲು. ವಸಂತನರಸಾಪುರದಂತಹ ಕೈಗಾರಿಕಾ ಪ್ರದೇಶದ ನೌಕರರ ಸಂಘದಲ್ಲಿ ಸಂಬಳ, ಕಂತು, ಬಾಡಿಗೆ ಎಲ್ಲವೂ ತಿಂಗಳ ಲಯಕ್ಕೆ ನಡೆಯುವುದರಿಂದ ಬಾಡಿಗೆಯ ಕ್ಲೌಡ್ ಎಐ ಅಲ್ಲಿ ಹೆಚ್ಚು ನಿಖರವಾಗಿ ಕೆಲಸ ಮಾಡೀತು. ಅಲ್ಲಿ ದೊಡ್ಡ ಮೊತ್ತವನ್ನು ಸ್ವಲ್ಪ ಹೊತ್ತು ತಡೆಯುವ ಅಧಿಕಾರವನ್ನೂ ಯಂತ್ರಕ್ಕೆ ಕೊಡಬಹುದು. ಹಲವು ಶಾಖೆಗಳು, ಆ್ಯಪ್, ರೈತ ಸದಸ್ಯರು ಮೂರೂ ಇರುವ ಸಂಘದ ಸ್ಥಿತಿಯೇ ಬಿಕ್ಕಟ್ಟಿನದು: ಎಐ ಬೇಕು, ಆದರೆ ಅದರ ತಪ್ಪಿನ ಬೆಲೆಯೂ ಅಲ್ಲೇ ಹೆಚ್ಚು. ಅವರು ಕೂಡಿ ಕೊಳ್ಳುವ ದಾರಿಯತ್ತ ನಡೆಯುತ್ತ, ಅಲ್ಲಿಯವರೆಗೆ ಎಚ್ಚರಿಸುವ ಅಧಿಕಾರವಷ್ಟೇ ಇರುವ ಬಾಡಿಗೆ ಸೇವೆಯನ್ನು ಚಿಕ್ಕ ಅವಧಿಗೆ ಪಡೆಯುವುದು ಒಳಿತು. ವಾರ್ಷಿಕ ಬಾಡಿಗೆ ಒಬ್ಬ ಗುಮಾಸ್ತರ ವರ್ಷದ ಸಂಬಳವನ್ನು ಮೀರುವುದಾದರೆ, ಆ ಹಣಕ್ಕೆ ಮನುಷ್ಯನನ್ನೇ ನೇಮಿಸಿ ತರಬೇತಿ ಕೊಡುವ ಆಯ್ಕೆಯನ್ನೂ ಸಭೆಯ ಮುಂದಿಡಬೇಕು.

ಸಹಿ ಹಾಕುವ ಮುನ್ನ ಕರಾರಿನಲ್ಲಿ ಕೆಲವನ್ನು ಹುಡುಕಿ ನೋಡಿ. ಮಾಹಿತಿ ಸೋರಿದ್ದು ಕಂಪನಿಗೆ ತಿಳಿದ ಎಷ್ಟು ಹೊತ್ತಿಗೆ ಸಂಘಕ್ಕೆ ತಿಳಿಸುತ್ತದೆ ಎಂಬುದನ್ನು ಗಂಟೆಗಳಲ್ಲಿ ಬರೆದಿರಬೇಕು. ಸಂಘಕ್ಕೇ 6 ಗಂಟೆಗಳ ಗಡುವಿರುವಾಗ ಎರಡು ಕೆಲಸದ ದಿನಗಳು ಎಂಬ ಮಾತಿಗೆ ಒಪ್ಪಬಾರದು. ಲಾಗ್ ದಾಖಲೆಗಳು ಭಾರತದಲ್ಲಿ ಸಿಗುವಂತಿರಬೇಕು, ಮತ್ತು ಸೇವೆ ನಿಲ್ಲಿಸಿದ ಮೇಲೂ ಸಂಘದ ಕೈಗೆ ಬರಬೇಕು. ಸದಸ್ಯರ ವ್ಯವಹಾರಗಳಿಂದ ಕಂಪನಿ ತನ್ನ ಮಾದರಿಗೆ ಕಲಿಸಿಕೊಂಡು ಬೇರೆಯವರಿಗೆ ಮಾರುವಂತಿಲ್ಲ ಎಂಬ ಕಲಮನ್ನು ನೀವೇ ಸೇರಿಸಬೇಕು, ಅವರು ತಾವಾಗಿ ಸೇರಿಸುವುದಿಲ್ಲ. ಸಾಕ್ಷ್ಯ ಅಧಿನಿಯಮದ ಪ್ರಮಾಣಪತ್ರಕ್ಕೆ ಬೇಕಾದ ತಜ್ಞರ ಭಾಗವನ್ನು ಯಾರು ಕೊಡುತ್ತಾರೆಂದು ಹೆಸರಿಸಿರಬೇಕು.

ಕೊನೆಯದಾಗಿ ಕರಾರಿನ ಅವಧಿ. ದತ್ತಾಂಶ ಸಂರಕ್ಷಣಾ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಅವುಗಳ ಜೊತೆಗೇ ಕಾಯ್ದೆಯ ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಕಾಲಾವಕಾಶ ಸಿಕ್ಕಿದೆ, ಅಂದರೆ ಅವು 2027ರ ಮೇ ತಿಂಗಳಲ್ಲಿ ಜಾರಿಗೆ ಬರಬೇಕು. ಅಲ್ಲಿಯವರೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮಿನಡಿಯ ಪರಿಹಾರದ ಹೊಣೆ ನಡೆಯುತ್ತಿರುತ್ತದೆ. ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದು ಹೇಳಿದರೂ, 2027ರ ಮೇ ತಿಂಗಳಿಗೆ ಮುನ್ನ ಷರತ್ತುಗಳನ್ನು ಮರುಪರಿಶೀಲಿಸಿ, ಒಪ್ಪಿಗೆಯಾಗದಿದ್ದರೆ ಉಳಿದ ಹಣವನ್ನು ವಾಪಸು ಪಡೆದು ಹೊರಬರುವ ಅವಕಾಶವನ್ನು ಬರೆಸಿಕೊಳ್ಳದೆ ಸಹಿ ಹಾಕಬೇಡಿ.